ತೊಕ್ತೊಬಾಯನ ಕಾರಿನ ಮೂಗು

ಆ ಮಂಗಳವಾರವೂ ಎಲ್ನೂರಾ ಕಾರು ಹತ್ತಲಿಲ್ಲ.

ತೊಕ್ತೊಬಾಯ್ ಕತ್ತಲಿರುವಾಗಲೇ ಎದ್ದು, ಅಂಗಳದಲ್ಲಿ ಕಾರು ಚಾಲೂ ಮಾಡಿ, ಗಾಜಿಗೆ ಹತ್ತಿದ ಹಿಮ ಕೆರೆದು, ಹಿಂದಿನ ಸೀಟಿಗೆ ಉಣ್ಣೆಯ ಹಾಸು ಹಾಸಿದ್ದ. ಹೀಟರ್ ಜೋರಾಗಿ ಇಟ್ಟು, ಊರಿನ ಹೊಗೆ ಒಳಗೆ ಬಾರದಿರಲೆಂದು ಒಳಗಿನ ಗಾಳಿಯೇ ತಿರುಗುವ ಗುಂಡಿ ಒತ್ತಿದ್ದ. ಕೊನೆಗೆ ಎಂದಿನಂತೆ ಅರ್ಚಾ ಹಚ್ಚಿದ. ಬೆಟ್ಟದಿಂದ ತಂದ ಅರ್ಚಾ ಮರದ ಒಣ ಟೊಂಗೆಗಳು ಹಳೆಯ ಬಾಣಲೆಯಲ್ಲಿ ಚಟಪಟ ಎಂದು ದಟ್ಟವಾಗಿ ಹೊಗೆಯಾಡಿದವು. ಬಾಣಲೆಯನ್ನು ಕಾರಿನೊಳಗೆ ಹಿಡಿದು ಮುಂದೆ ಹಿಂದೆ ಮೂರು ಸಲ ಸುತ್ತಿಸಿ, "ಅಲಾಸ್, ಅಲಾಸ್, ಕೆಟ್ಟದ್ದೆಲ್ಲಾ ದೂರ ಹೋಗ್ಲಿ" ಎಂದು ಹೇಳಿಕೊಂಡು, ಧೂಪ ಪೋಲಾಗದ ಹಾಗೆ ಬಾಗಿಲು ಮುಚ್ಚಿದ.

ಎಲ್ನೂರಾ ಮೂಗಿನ ತನಕ ಶಾಲು ಸುತ್ತಿಕೊಂಡು ಹೊರಬಂದಳು. ಮಾವನಿಗೆ ಬಾಗಿ ನಮಸ್ಕಾರ ಮಾಡಿದಳು. ಕಾರಿನ ಕಡೆ ನೋಡಿದಳು, ಹಿಂದಿನ ಗಾಜಿನೊಳಗೆ ಬಿಳಿಯ ಮೋಡ ಇನ್ನೂ ಆಡುತ್ತಿತ್ತು.

"ನಾನು ಬಸ್ಸಲ್ಲೇ ಹೋಗ್ತೀನಿ ಅತಾ," ಎಂದಳು.

"ಕಾರು ಬೆಚ್ಚಗಿದೆ ಮಗಳೇ."

"ಬಸ್ಸು ಇಲ್ಲೇ ತಿರುವಲ್ಲಿ ನಿಲ್ಲುತ್ತೆ ಅತಾ. ನೀವು ಯಾಕೆ ತೊಂದ್ರೆ ತಗೋತೀರಾ."

ಅಷ್ಟು ಹೇಳಿ ಹೊರಟೇಬಿಟ್ಟಳು. ತೊಕ್ತೊಬಾಯ್ ಬಾಣಲೆ ಹಿಡಿದು ಗೇಟಿನ ಬಳಿ ನಿಂತ. ಇದು ಮೂರನೆಯ ಸಲ. ಅವನಿಗೆ ತಲೆಬುಡ ಅರ್ಥವಾಗಲಿಲ್ಲ.

ಅವಳಿಗೆ ಐದು ತಿಂಗಳು. ಗಂಡ ಉಲಾನ್ ಬೆಟ್ಟದ ಮೇಲಿನ ಗಣಿಯಲ್ಲಿ ದೊಡ್ಡ ಲಾರಿ ಓಡಿಸುತ್ತಾನೆ, ಚಳಿಗಾಲದ ಪಾಳಿಗೆ ಹೋದವನು ಮಾರ್ಚ್‌ಗೇ ಇಳಿಯುವುದು. ಹೋಗುವಾಗ ಅಪ್ಪನ ಕೈ ಹಿಡಿದು, "ಪ್ರತಿ ಮಂಗಳವಾರ ಡಾಕ್ಟರ ಹತ್ರ ಕರ್ಕೊಂಡು ಹೋಗೋದು ನಿಮ್ಮ ಜವಾಬ್ದಾರಿ" ಎಂದು ಹೇಳಿ ಹೋಗಿದ್ದ. ಹೋದ ವರ್ಷದ ಮಗು ಆರನೇ ತಿಂಗಳಲ್ಲಿ ಉಳಿದಿರಲಿಲ್ಲ. ನೋವು ಶುರುವಾದದ್ದು ಇದೇ ಕಾರಿನ ಹಿಂದಿನ ಸೀಟಿನಲ್ಲಿ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಈ ಸಲ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಹೊಗೆ ಬೇಡ, ಗುಂಪು ಬೇಡ, ಕುಲುಕಾಟ ಬೇಡ. ಬಿಷ್ಕೆಕ್ಕಿನ ಬಸ್ಸಿನಲ್ಲಿ ಈ ಮೂರೂ ಒಂದೇ ಟಿಕೇಟಿಗೆ ಸಿಗುತ್ತವೆ. ಜನವರಿಯಲ್ಲಿ ಊರಿಗೆ ಊರೇ ಕಲ್ಲಿದ್ದಲು ಸುಡುತ್ತದೆ, ನಿಲ್ದಾಣದಲ್ಲಿ ನಿಂತರೆ ಎದುರಿನ ಅಂಗಡಿಯ ಹೆಸರೂ ಕಾಣುವುದಿಲ್ಲ. ಅಂಥದ್ದರಲ್ಲಿ ಬೆಚ್ಚಗಿನ ಕಾರು ಬಿಟ್ಟು ಹುಡುಗಿ ಬಸ್ಸಿಗೆ ಹೋಗುತ್ತಾಳೆ ಎಂದರೆ ಏನರ್ಥ?

ಡಿಸೆಂಬರಿನ ಕೊನೆಯಲ್ಲಿ ಎರಡು ಸಲ ಕಾರಿನಲ್ಲಿ ಬಂದಿದ್ದಳು. ಎರಡು ಸಲವೂ ದಾರಿಯುದ್ದಕ್ಕೂ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿತ್ತು. ಆಮೇಲೆ ಹಿಡಿದದ್ದೇ ಈ ಬಸ್ಸಿನ ರಾಗ.

ಒಳಗೆ ಬಂದಾಗ ಹೆಂಡತಿ ಕಲೀಪಾ ಚಹಾ ಬಗ್ಗಿಸುತ್ತಿದ್ದಳು.

"ಹೋದ್ಲಾ?"

"ಹೋದ್ಲು. ನೀನು ಕೇಳಿದ್ಯಾ ಅವಳನ್ನ?"

"ಕೇಳಿದೆ. ಬಸ್ಸು ಚೆನ್ನಾಗಿದೆ ಅತ್ತೆ ಅಂದ್ಲು."

"ಆ ಬಸ್ಸನ್ನ ಕುರಿನೂ ಹತ್ತಲ್ಲ. ಚೆನ್ನಾಗಿದೆಯಂತೆ."

"ನನ್ನ ಮೇಲೆ ಯಾಕೆ ಎಗರ್ತೀಯ ಮುದುಕಾ? ನಾನೇನು ಬಸ್ಸು ಓಡಿಸ್ತೀನಾ? ನಿನ್ನ ಕಾರಲ್ಲೇ ಏನೋ ಇದೆ. ಹೋಗಿ ನೋಡ್ಕೋ."

ಕೇಳಿ ತಿಳಿಯೋಣವೆಂದರೆ ಅದೂ ಆಗದು. ಇಲ್ಲಿ ಸೊಸೆಯಾದವಳು ಮಾವನ ಹೆಸರನ್ನು ನಾಲಗೆಯ ಮೇಲೆ ತರುವ ಹಾಗಿಲ್ಲ, ಅತಾ, ಅಂದರೆ ಅಪ್ಪ, ಎನ್ನಬೇಕು ಅಷ್ಟೇ. ಹೆಸರೇ ಹೇಳಬಾರದವಳು ಮಾವನ ತಪ್ಪು ಹೇಳುತ್ತಾಳೆಯೇ? ಮಾವನಾದವನು ಕೆದಕಿ ಕೇಳುವುದೂ ಮರ್ಯಾದೆಯಲ್ಲ. ಹೀಗಾಗಿ ಒಂದೇ ಮನೆಯಲ್ಲಿ, ಒಂದೇ ಮೇಜಿನ ಸುತ್ತ, ಅವಳು ಅವನ ಬಟ್ಟಲಿಗೆ ಅರ್ಧರ್ಧ ಚಹಾ ಬಗ್ಗಿಸುತ್ತ, ಅವನು ಕುಡಿಯುತ್ತ, ಇಬ್ಬರೂ ಬಾಯಿ ಮುಚ್ಚಿಕೊಂಡು ಕುಳಿತಿರುತ್ತಾರೆ. ತೊಕ್ತೊಬಾಯನಿಗೆ ಒಂದು ಭಯ ಒಳಗೇ ಕೊರೆಯುತ್ತಿತ್ತು. ಹೋದ ವರ್ಷದ್ದು ತನ್ನಿಂದಲೇ ಆಯಿತು ಎಂದು ಹುಡುಗಿ ನಂಬಿದ್ದಾಳೇನೋ ಎಂಬ ಭಯ. ಅದನ್ನು ಯಾರಿಗೆ ಹೇಳುವುದು?

ಬೀದಿಯ ಕೊನೆಯಲ್ಲಿ ಗ್ಯಾರೇಜು ಇಟ್ಟಿದ್ದ ಕುಬಾನ್ ಅಂದು ಸಂಜೆ ಬೇಲಿಯಾಚೆಯಿಂದ ಕಾರು ನೋಡಿದ. ಒಳಗಾಜಿನ ಮೇಲೆಲ್ಲ ಮಂಜು ಕಟ್ಟಿತ್ತು. ಹಿರಿಯ ಗಂಡಸರನ್ನು ಇಲ್ಲಿ ಬೈಕೆ ಎಂದೇ ಕರೆಯುವುದು.

"ಬೈಕೆ, ಫ್ಯಾನ್ ಜೋರಾಗಿಟ್ರೂ ಗಾಳಿ ಬರಲ್ಲ, ಅಲ್ವಾ?"

"ಬರಲ್ಲ. ಶಬ್ದ ಮಾತ್ರ ಬರುತ್ತೆ."

"ನಿನ್ನ ಕಾರಿನ ಮೂಗು ಕಟ್ಟಿದೆ. ಕ್ಯಾಬಿನ್ ಫಿಲ್ಟರ್ ಹೋಗಿದೆ. ಯಾವಾಗ ಬದಲಾಯಿಸಿದ್ದು?"

ಹೀಗೊಂದು ವಸ್ತು ಕಾರಿನಲ್ಲಿದೆ ಎಂಬುದೇ ತೊಕ್ತೊಬಾಯನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಲೆಕ್ಕ ಹೇಳಿಕೊಟ್ಟವನು ಅವನು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದು ರೂಢಿಯಿಲ್ಲ.

"ಹೋದ ವರ್ಷ," ಎಂದ.

ಆದರೂ ಅವನಿಗೆ ಎದೆ ಹಗುರಾಯಿತು. ಫಿಲ್ಟರ್ ಹೋಗಿದೆ, ಅದಕ್ಕೇ ಕಾರಿನಲ್ಲಿ ಉಸಿರು ಕಟ್ಟುತ್ತದೆ, ಅದಕ್ಕೇ ಕೆಮ್ಮು, ಅದಕ್ಕೇ ಬಸ್ಸು. ತಪ್ಪು ಕಾರಿನದು, ತನ್ನದಲ್ಲ. ಮರುದಿನ ಬೆಳಗಾಗುವುದನ್ನೇ ಕಾದು ಅವನು ಬಿಡಿಭಾಗಗಳ ಬಜಾರಿಗೆ ಹೋದ.

ಬಜಾರಿನಲ್ಲಿ ಹಡಗಿನಲ್ಲಿ ಸರಕು ಸಾಗಿಸುವ ದೊಡ್ಡ ಕಬ್ಬಿಣದ ಡಬ್ಬಿಗಳೇ ಅಂಗಡಿಗಳು. ಸಾಲಿಗೆ ಸಾಲು. ಫಿಲ್ಟರಿನ ಸಾಲಿನಲ್ಲಿ ದಮೀರಾ ಎಂಬ ಹೆಂಗಸು ಗ್ಯಾಸ್ ಒಲೆಗೆ ಕಾಲು ಚಾಚಿ ಬಿಸಿ ಸಮ್ಸಾ ತಿನ್ನುತ್ತಿದ್ದಳು.

"ಫಿಲ್ಟರ್ ಬೇಕಿತ್ತು ಮಗಳೇ."

"ಎಣ್ಣೇದಾ, ಪೆಟ್ರೋಲಿಂದಾ, ಎಂಜಿನ್ ಗಾಳೀದಾ, ಮನುಷ್ಯರ ಗಾಳೀದಾ?"

"ಮನುಷ್ಯರದ್ದು."

"ಗಾಡಿ ಬಲಗೈದಾ, ಎಡಗೈದಾ?"

ತೊಕ್ತೊಬಾಯ್ ಯೋಚಿಸಿದ. "ಹುಟ್ಟಿದ್ದು ಬಲಗೈ. ಈಗ ಎಡಗೈ."

ದಮೀರಾ ಸಮ್ಸಾ ಕೆಳಗಿಟ್ಟಳು. ಜಪಾನಿನಿಂದ ಬಂದ ಕಾರಿಗೆ ಸ್ಟೀರಿಂಗು ಬಲಕ್ಕಿರುತ್ತದೆ. ಇಲ್ಲಿನ ರಸ್ತೆಗೆ ಎಡಕ್ಕಿರಬೇಕು. ಕಾನೂನಿನ ಕಾಟ ಬೇಡವೆಂದು ಜನ ಸ್ಟೀರಿಂಗು ಕಿತ್ತು ಆಚೆ ಬದಿಗೆ ಕೂರಿಸಿಬಿಡುತ್ತಾರೆ. ಅಂಥ ಗಾಡಿಯ ಹೊಟ್ಟೆಯೊಳಗೆ ಏನು ಎಲ್ಲಿದೆ ಎಂದು ಕಿತ್ತವನಿಗೂ ನೆನಪಿರುವುದಿಲ್ಲ.

"ಡ್ಯಾಶ್‌ಬೋರ್ಡ್ ಎಲ್ಲಿಂದ ತಂದು ಹಾಕಿದಾರೆ? ಜಪಾನಿಂದಾ, ಯೂರೋಪಿಂದಾ?"

"ನಾನೇನು ಕಂಡೆ? ಕೊಂಡಾಗಲೇ ಹೀಗಿತ್ತು."

"ಎರಡಕ್ಕೂ ಒಂದು ಬೆರಳು ವ್ಯತ್ಯಾಸ ಇರುತ್ತೆ ಬೈಕೆ. ಹಳೇ ಫಿಲ್ಟರ್ ತಂದಿದ್ರೆ ಅಳತೆ ನೋಡಬಹುದಿತ್ತು."

"ಹಳೇದು ಎಲ್ಲಿದೆ ಅಂತ ಗೊತ್ತಿದ್ರೆ ತರ್ತಿದ್ದೆ."

"ಸರಿ. ಬಿಳೀದು ಕೊಡ್ಲಾ, ಕರೀದು ಕೊಡ್ಲಾ? ಬಿಳೀದು ಬರೀ ಧೂಳು ಹಿಡಿಯುತ್ತೆ. ಕರೀದ್ರಲ್ಲಿ ಇದ್ದಿಲಿರುತ್ತೆ, ವಾಸನೇನೂ ಹೀರುತ್ತೆ."

"ಇದ್ದಿಲಾ? ಊರು ತುಂಬಾ ಹೊಗೆ ಎಬ್ಬಿಸಿರೋದೂ ಇದ್ದಿಲು, ಅದನ್ನ ತಡೆಯೋದೂ ಇದ್ದಿಲಾ?"

"ಮನೆ ಸುಡೋದೂ ಮನುಷ್ಯ, ಕಟ್ಟೋದೂ ಮನುಷ್ಯ. ಬೇಗ ಹೇಳಿ, ಸಮ್ಸಾ ಆರ್ತಿದೆ."

ಅವನಿಗೆ ಇನ್ನಷ್ಟು ಗೊಂದಲವಾಯಿತು. ಬಿಳಿಯದೇ ಶುದ್ಧ ಎಂದು ತೋರಿ ಬಿಳಿಯದನ್ನೇ ತಂದ.

ಮನೆಗೆ ಬಂದು, ಬಲಬದಿಯ ಸೀಟಿನಲ್ಲಿ ಕುಳಿತು, ಎದುರಿನ ಪೆಟ್ಟಿಗೆ ತೆರೆದ. ಎರಡು ಬದಿ ಒಳಕ್ಕೆ ಒತ್ತಿದರೆ ಪೆಟ್ಟಿಗೆ ಕಳಚಿಕೊಳ್ಳುತ್ತದೆ, ಅದರ ಹಿಂದೆಯೇ ಫಿಲ್ಟರ್ ಎಂದು ಕುಬಾನ್ ಹೇಳಿದ್ದ. ಒತ್ತಿದ. ಪೆಟ್ಟಿಗೆ ಧಡಕ್ಕೆಂದು ಮಡಿಲಿಗೆ ಬಿತ್ತು. ಹಳೆಯ ರಸೀದಿಗಳು, ಮುಚ್ಚಳವಿಲ್ಲದ ಪೆನ್ನು, ಕಲ್ಲಿನಂತಾದ ಎರಡು ಮೊಸರುಂಡೆ ಉರುಳಿದವು. ಹಿಂದೆ ನೋಡಿದರೆ ಖಾಲಿ ಗೂಡು, ಒಂದಷ್ಟು ವೈರು.

ಕುಬಾನನನ್ನು ಕರೆದ. ಕುಬಾನ್ ಗೂಡಿಗೆ ತಲೆ ತೂರಿಸಿ ನೋಡಿ ಹೊರತೆಗೆದ.

"ಬೈಕೆ, ನಿನ್ನ ಕಾರಿಗೆ ಮೂಗೇ ಇಲ್ಲ."

"ನಿನ್ನೆ ಕಟ್ಟಿದೆ ಅಂದೆ."

"ನಿನ್ನೆ ಇತ್ತು ಅಂದ್ಕೊಂಡಿದ್ದೆ. ತಡಿ, ತಡಿ." ಅವನು ಸುತ್ತಿ ಬಂದು ಚಾಲಕನ ಬದಿಯಲ್ಲಿ, ಪೆಡಲುಗಳ ನಡುವೆ ಮಲಗಿ ಮೇಲೆ ಟಾರ್ಚು ಬಿಟ್ಟ. "ಕಳ್ ನನ್ ಮಕ್ಳು. ಸ್ಟೀರಿಂಗ್ ಆಚೆಯಿಂದ ಈಚೆ ತಂದಿದಾರೆ, ಫ್ಯಾನ್ ಮಾತ್ರ ಇದ್ದಲ್ಲೇ ಬಿಟ್ಟಿದಾರೆ. ಇಷ್ಟು ವರ್ಷ ನಿನ್ನ ಮೊಣಕಾಲ ಹತ್ರಾನೇ ಇತ್ತು ಬೈಕೆ."

ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಇದಕ್ಕೇ. ಮುಚ್ಚಳ ಬಿಚ್ಚಿ ಎಳೆದರೆ ಕಪ್ಪಗೆ, ಜಿಗುಟು ಜಿಗುಟಾದ ಹಲಗೆಯೊಂದು ಹೊರಬಂತು. ಫಿಲ್ಟರ್ ಎಂದು ಹೇಳಿದ್ದರಿಂದ ಫಿಲ್ಟರ್, ಇಲ್ಲದಿದ್ದರೆ ಒಲೆಯಿಂದ ತೆಗೆದ ರೊಟ್ಟಿ ಎನ್ನಬಹುದಿತ್ತು. ತಂದ ಹೊಸದು ಒಂದು ಬೆರಳು ಅಗಲವಾಯಿತು. ಮತ್ತೆ ಬಜಾರು, ಮತ್ತೆ ದಮೀರಾ, ಅವಳಿಂದ "ಹೇಳಿರಲಿಲ್ವಾ" ಎಂಬ ಮಾತು. ಕೊನೆಗೆ ಗಾಳಿ ಹೋಗುವ ದಿಕ್ಕಿನ ಬಾಣದ ಗುರುತು ಕೆಳಗಿರುವ ಹಾಗೆ ನೋಡಿ ಕುಬಾನ್ ಹೊಸದನ್ನು ತೂರಿಸಿದ. ಫ್ಯಾನು ಹಾಕಿದರೆ ಗಾಳಿ ಭರ್ರೆಂದು ಮುಖಕ್ಕೆ ಬಡಿಯಿತು. ತೊಕ್ತೊಬಾಯನಿಗೆ ಕುಣಿಯುವಷ್ಟು ಸಂತೋಷವಾಯಿತು.

ಊಟದ ಹೊತ್ತಿಗೆ, ಯಾರಿಗೂ ನೇರವಾಗಿ ಹೇಳದೆ ಮೇಜಿಗೆ ಹೇಳಿದ: "ಕಾರಿಗೆ ಹೊಸ ಫಿಲ್ಟರ್ ಹಾಕಿಸಿದೀನಿ. ಈಗ ಒಳಗೆ ಬೆಟ್ಟದ ಗಾಳಿ ಇದ್ದಂಗಿದೆ."

ಎಲ್ನೂರಾ ಚಹಾ ಬಗ್ಗಿಸುವ ಕೈ ತಡೆದು, "ಒಳ್ಳೇದಾಯ್ತು ಅತಾ. ಮಂಗಳವಾರ ನಿಮ್ಮ ಜೊತೇಲೇ ಬರ್ತೀನಿ" ಎಂದಳು. ಕಲೀಪಾ ಗಂಡನ ಕಡೆ ನೋಡಿ ಹುಬ್ಬು ಕುಣಿಸಿದಳು.

ಮಂಗಳವಾರ ಅವನು ಖುಷಿಗೆ ಎರಡು ಹಿಡಿ ಅರ್ಚಾ ಹಚ್ಚಿದ. ಹೊಸ ವಸ್ತು ಬಂದಾಗ ಧೂಪ ಹಾಕದಿದ್ದರೆ ಹೇಗೆ? ಎಲ್ನೂರಾ ಹಿಂದಿನ ಸೀಟಿನಲ್ಲಿ ಕುಳಿತಳು. ಮೊದಲ ಸಿಗ್ನಲ್ಲಿನವರೆಗೆ ಒಂದೂ ಸದ್ದಿಲ್ಲ. ತೊಕ್ತೊಬಾಯ್ ಹೆಮ್ಮೆಯಿಂದ ಫ್ಯಾನು ಇನ್ನೂ ಒಂದು ಗೆರೆ ಏರಿಸಿದ. ಎರಡನೇ ಸಿಗ್ನಲ್ಲಿಗೆ ಒಂದು ಕೆಮ್ಮು ಬಂತು. ಆಮೇಲೆ ನಿಲ್ಲಲೇ ಇಲ್ಲ. ಅವಳು ಒಂದು ಕೈ ಹೊಟ್ಟೆಗೆ, ಒಂದು ಕೈ ಬಾಯಿಗೆ ಹಿಡಿದು ಮಡಿಸಿಕೊಂಡು ಕೆಮ್ಮಿದಳು.

"ಅತಾ, ಇಲ್ಲೇ ನಿಲ್ಸಿ. ಕ್ಷಮಿಸಿ ಅತಾ, ಬಸ್ಸು ಬರ್ತಿದೆ."

ಇಳಿದಳು, ಬಸ್ಸು ಹತ್ತಿದಳು. ತೊಕ್ತೊಬಾಯನಿಗೆ ಏನು ಮಾಡುವುದೋ ತೋಚಲಿಲ್ಲ. ಮನೆಗೆ ಹೋಗಲು ಮನಸ್ಸಿಲ್ಲ, ಮುಂದೆ ಹೋಗಲು ಕಾರಣವಿಲ್ಲ. ಆಸ್ಪತ್ರೆಯವರೆಗೂ ಆ ಬಸ್ಸಿನ ಹಿಂದೆಯೇ ಕಾರು ಓಡಿಸಿದ. ಮಸುಕು ಗಾಜಿನಲ್ಲಿ ಅವಳ ಶಾಲು ಎಲ್ಲಿದೆಯೆಂದು ಕೂಡ ಕಾಣಲಿಲ್ಲ. ಅವಳು ಸುರಕ್ಷಿತವಾಗಿ ಬಾಗಿಲು ದಾಟಿದ್ದನ್ನು ನೋಡಿ ವಾಪಸಾದ. ದಾರಿಯಲ್ಲಿ ಅತ್ತ. ಅರವತ್ತರ ಗಂಡಸು ಕಾರಿನಲ್ಲಿ ಒಬ್ಬನೇ ಕುಳಿತು ಅತ್ತರೆ ಯಾರಿಗೂ ನಷ್ಟವಿಲ್ಲ.

ಮರುದಿನ ಕರಿಯ ಫಿಲ್ಟರ್ ತಂದ. ಕುಬಾನ್ ಹಾಕಿದ. ಯಾರದೋ ಕಣ್ಣು ಬಿದ್ದಿರಬೇಕು ಎಂದು ತೊಕ್ತೊಬಾಯ್ ಈಗ ವಾರಕ್ಕೊಂದು ಸಲವಲ್ಲ, ದಿನಾ ಬೆಳಿಗ್ಗೆ ಸಂಜೆ ಧೂಪ ಹಾಕತೊಡಗಿದ. ಮುಂದಿನ ಸೋಮವಾರದ ಹೊತ್ತಿಗೆ ಫ್ಯಾನಿನಿಂದ ಮತ್ತೆ ಬರೀ ಶಬ್ದ. ಕುಬಾನ್ ಪೆಡಲುಗಳ ನಡುವೆ ಮಲಗಿ ಫಿಲ್ಟರ್ ಎಳೆದ. ಒಂದು ವಾರವೂ ಹಳತಾಗದ ವಸ್ತು ಮೊದಲಿನದರಷ್ಟೇ ಜಿಗುಟಾಗಿತ್ತು.

"ಆ ಹೆಂಗಸು ನಿಂಗೆ ಡೂಪ್ಲಿಕೇಟ್ ಕೊಟ್ಟಿದಾಳೆ," ಎಂದ ಕುಬಾನ್.

ತೊಕ್ತೊಬಾಯ್ ಅಲ್ಲೇ ದಮೀರಾಗೆ ಫೋನು ಹಚ್ಚಿದ. ಅವಳು, "ನಿಮ್ಮ ಮೇಸ್ತ್ರಿ ತಲೆಕೆಳಗು ಹಾಕಿರ್ತಾನೆ. ಅವನಿಗೆ ಬಾಣ ಅಂದ್ರೆ ಬೇಟೆ ಆಡೋದು ಮಾತ್ರ ಗೊತ್ತು" ಎಂದಳು. ಸ್ಪೀಕರಿನಲ್ಲಿತ್ತು. ಕುಬಾನನ ಮುಖ ಕೆಂಪಾಯಿತು. ಹತ್ತು ವರ್ಷ ಅಂಥದ್ದೇ ಸಾವಿರ ಹಾಕಿದ್ದೇನೆ ಎಂದು ಅವನು, ಹತ್ತು ವರ್ಷ ಅಂಥದ್ದೇ ಲಕ್ಷ ಮಾರಿದ್ದೇನೆ ಎಂದು ಅವಳು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ತೊಕ್ತೊಬಾಯ್ ಒಮ್ಮೆ ಫೋನಿನ ಕಡೆ, ಒಮ್ಮೆ ಕುಬಾನನ ಕಡೆ ನೋಡುತ್ತ ನಿಂತ. ದಮೀರಾ ಫೋನು ಇಟ್ಟ ಮೇಲೆ ಕುಬಾನ್ ಸಿಟ್ಟಿನಿಂದಲೇ ಫಿಲ್ಟರನ್ನು ಮೂಗಿಗೆ ಹಿಡಿದ. ಇನ್ನೊಮ್ಮೆ ಹಿಡಿದ.

"ಬೈಕೆ, ಕಾರೊಳಗೆ ಮಾಂಸ ಗೀಂಸ ಹೊಗೆಗೆ ಇಡ್ತೀಯಾ?"

"ತಲೆ ಕೆಟ್ಟಿದೆಯಾ ನಿಂಗೆ?"

"ಇದು ಊರಿನ ಹೊಗೆ ಅಲ್ಲ. ಕಲ್ಲಿದ್ದಲಾಗಿದ್ರೆ ಒಣಗಿದ ಮಸಿ ಇರ್ತಿತ್ತು. ಇದು ಅಂಟಂಟು. ಅರ್ಚಾ. ಎಷ್ಟು ಹಾಕ್ತೀಯ?"

"ಅರ್ಚಾ ಹಾಕ್ತೀನಿ. ಯಾರು ಹಾಕಲ್ಲ? ನಿಮ್ಮಮ್ಮ ಹಾಕಲ್ವಾ?"

"ನಮ್ಮಮ್ಮ ಹಬ್ಬಕ್ಕೆ ಹೊಸಿಲಿಗೆ ಒಂದ್ಸಲ ತೋರಿಸ್ತಾಳೆ. ನೀನು ಬಾಗಿಲು ಮುಚ್ಚಿ, ಫ್ಯಾನ್ ಹಾಕಿ, ಒಳಗಿನ ಗಾಳೀನೇ ತಿರುಗಿಸ್ತೀಯ. ಆ ಹೊಗೆಯೆಲ್ಲಾ ಇಲ್ಲೇ ಬಂದು ಕೂತಿದೆ, ಉಳಿದದ್ದು ಕೂತವರ ಎದೇಲಿ."

"ಅರ್ಚಾ ಹೊಗೆ ಅಲ್ಲ ಕಣೋ. ಅದು ಶುದ್ಧಿ ಮಾಡೋದು."

"ಇರಬಹುದು. ಫಿಲ್ಟರಿಗೆ ಅದು ಗೊತ್ತಿಲ್ಲ ಬೈಕೆ."

ಈ ಮಾತಿಗೆ ಉತ್ತರ ಹುಡುಕುತ್ತ ತೊಕ್ತೊಬಾಯ್ ಮನೆಗೆ ಬಂದ. ಗೇಟಿನೊಳಗೆ ಕಾರು ನಿಲ್ಲಿಸಿ ಇಳಿಯದೆ ಅಲ್ಲೇ ಕುಳಿತ. ಮಡಿಲಲ್ಲಿ ಆ ಜಿಗುಟು ಫಿಲ್ಟರ್.

ಅವನ ತಾಯಿಗೆ ಅವನಿಗಿಂತ ಮೊದಲು ಮೂರು ಮಕ್ಕಳು ಹುಟ್ಟಿ ತೀರಿಕೊಂಡಿದ್ದವು. ನಾಲ್ಕನೆಯವನಿಗೆ 'ಉಳಿಯಲಿ' ಎಂದೇ ಹೆಸರಿಟ್ಟರು, ತೊಕ್ತೊಬಾಯ್ ಎಂದರೆ ಅದೇ. ನಲವತ್ತು ದಿನ ಅಜ್ಜಿ ಅವನನ್ನು ಅರ್ಚಾದ ಹೊಗೆಯ ಮೇಲೆ ಹಾಯಿಸಿದಳು. ಅವನು ಉಳಿದ. ಹೀಗಿರುವಾಗ ಊರು ಸುಡುವ ಕಲ್ಲಿದ್ದಲು, ಬಸ್ಸಿನ ಡೀಸೆಲ್ಲು, ಗಂಡಸರ ಸಿಗರೇಟು, ಇವುಗಳ ಸಾಲಿನಲ್ಲಿ ಅರ್ಚಾವನ್ನೂ ನಿಲ್ಲಿಸಬೇಕು ಎಂದು ಅವನಿಗೆ ಹೊಳೆಯುವುದಾದರೂ ಹೇಗೆ? ಇನ್ನೊಂದು ವಿಷಯವಿತ್ತು. ಅದನ್ನು ಕಲೀಪಾಗೂ ಅವನು ಹೇಳಿರಲಿಲ್ಲ. ಹೋದ ವರ್ಷ ಆ ದಿನ ಬೆಳಿಗ್ಗೆ ಅರ್ಚಾ ಮುಗಿದುಹೋಗಿತ್ತು. ನಾಳೆ ತಂದರಾಯಿತು ಎಂದು ಸೋಮಾರಿತನ ಮಾಡಿ, ಧೂಪ ಹಾಕದೆಯೇ ಸೊಸೆಯನ್ನು ಕಾರು ಹತ್ತಿಸಿದ್ದ.

ಈಗ ಹಾಕಿದರೆ ಹುಡುಗಿ ಕೆಮ್ಮಿ ಸಾಯುತ್ತಾಳೆ. ಹಾಕದಿದ್ದರೆ ಏನಾಗುತ್ತದೆಂದು ಅವನು ಕಣ್ಣಾರೆ ಕಂಡಿದ್ದಾನೆ. ಅತ್ತ ದರಿ, ಇತ್ತ ಪುಲಿ.

ಕಾರಿನ ಗಾಜಿಗೆ ಯಾರೋ ಬೆರಳು ತಟ್ಟಿದರು. ಎಲ್ನೂರಾ.

"ಅತಾ, ಊಟಕ್ಕೆ ಕರೀತಿದಾರೆ."

ಅವನು ಬಾಗಿಲು ತೆರೆದ. ಏಳಲಿಲ್ಲ. ಅವಳು ಅವನ ಮಡಿಲಲ್ಲಿದ್ದುದನ್ನು ನೋಡಿದಳು.

"ಮಗಳೇ," ಎಂದ. ಮರ್ಯಾದೆ ಮೀರಿ ಕೇಳುತ್ತಿದ್ದೇನೆಂದು ಗೊತ್ತಿದ್ದರೂ ಕೇಳಿದ: "ಈ ಹೊಗೆಗೇನಾ ನೀನು ಕಾರು ಹತ್ತದೇ ಇರೋದು?"

ಅವಳು ನೆಲ ನೋಡಿದಳು. ಮಾವ ತನ್ನ ಹೆಸರಿನಲ್ಲೇ ಹಾಕುವ ಧೂಪವನ್ನು ಬೇಡ ಎನ್ನುವುದು ಸೊಸೆಯ ಬಾಯಿಗೆ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

"ಹೇಳು. ಬಯ್ಯಲ್ಲ."

"ಹೊಗೆಗೆ ಕೆಮ್ಮು ಬರೋದು ಹೌದು ಅತಾ. ಆದ್ರೆ ಕೆಮ್ಮು ತಡ್ಕೋಬಹುದಿತ್ತು."

"ಮತ್ತೆ?"

"ನೀವು ಹೊಗೆ ಹಾಕೋದನ್ನ ನಾನು ಅಡಿಗೆಮನೆ ಕಿಟಕಿಯಿಂದ ನೋಡ್ತೀನಿ. ನಿಮ್ಮ ಕೈ ನಡುಗುತ್ತೆ." ಅವಳು ಶಾಲಿನ ತುದಿ ಹಿಂಡಿದಳು. "ಡಾಕ್ಟರು ಎಲ್ಲಾ ಸರಿಯಾಗಿದೆ ಅಂತಾರೆ. ನಾನೂ ಸರಿ ಅಂದ್ಕೊಂಡು ಬರ್ತೀನಿ. ನಿಮ್ಮ ಕೈ ನೋಡಿದ ತಕ್ಷಣ, ಇವ್ರಿಗೆ ಗೊತ್ತು, ಈ ಸಲಾನೂ ಹಂಗೇ ಆಗುತ್ತೆ ಅಂತ ಇವ್ರಿಗೆ ಗೊತ್ತು ಅನ್ಸುತ್ತೆ. ಬಸ್ಸಲ್ಲಿ ನನ್ನ ಯಾರಿಗೂ ಪರಿಚಯ ಇಲ್ಲ ಅತಾ. ಅಲ್ಲಿ ನಾನು ಬರೀ ಒಬ್ಬಳು ಬಸುರಿ. ಯಾರೋ ಎದ್ದು ಜಾಗ ಕೊಡ್ತಾರೆ, ಯಾವಾಗ ಹೆರಿಗೆ ಅಂತ ಕೇಳ್ತಾರೆ. ನಿಮ್ಮ ಕಾರಲ್ಲಿ ಕೂತ್ರೆ ನಾನು ಹೋದ ವರ್ಷದವಳು."

ತೊಕ್ತೊಬಾಯನಿಗೆ ಈ ಮಾತುಗಳೆಲ್ಲ ಒಂದೊಂದಾಗಿ ಅರ್ಥವಾದವು, ಒಟ್ಟಿಗೆ ಅರ್ಥವಾಗಲು ಹೊತ್ತು ಹಿಡಿಯಿತು.

"ಆವತ್ತು ನಾನು ಹಾಕಿರಲಿಲ್ಲ," ಎಂದ. "ಅರ್ಚಾ ಮುಗಿದಿತ್ತು. ನಾಳೆ ತಂದ್ರಾಯ್ತು ಅಂತ ಬಿಟ್ಟೆ. ನನ್ನಿಂದ ಆಯ್ತು ಮಗಳೇ. ನೀನು ಹಾಗೆ ಅಂದ್ಕೊಂಡಿದ್ರೂ ತಪ್ಪಿಲ್ಲ."

ಎಲ್ನೂರಾ ಮೊದಲ ಸಲ ತಲೆಯೆತ್ತಿ ಮಾವನ ಮುಖ ನೋಡಿದಳು. ಅವಳಿಗೆ ಇದು ಹೊಸ ಸುದ್ದಿ ಎಂಬುದು ಅವಳ ಮುಖದಲ್ಲೇ ಇತ್ತು.

"ಆವತ್ತು ರಾತ್ರಿಯಿಂದಾನೇ ನೋವಿತ್ತು ಅತಾ. ಮಾವನ ಮುಂದೆ ಅದನ್ನೆಲ್ಲಾ ಹೇಗೆ ಹೇಳೋದು ಅಂತ ಸುಮ್ನೆ ಬಂದು ಕೂತೆ. ನೀವು ಕಾರು ಚಾಲೂ ಮಾಡೋಕೆ ಮುಂಚೇನೇ ಶುರುವಾಗಿತ್ತು."

ಒಂದು ವರ್ಷ ಇವನು ಅದನ್ನು ಹೊತ್ತಿದ್ದ, ಅವಳು ಇದನ್ನು ಹೊತ್ತಿದ್ದಳು. ಒಳಗಿನಿಂದ ಕಲೀಪಾ, ಸಾರು ಆರಿ ಕಲ್ಲಾಗ್ತಿದೆ, ಇಬ್ರೂ ಎಲ್ಲಿ ಸತ್ರಿ ಎಂದು ಕೂಗಿದಳು.

"ನಾಳೆ ಹಾಕದೇ ಇದ್ರೆ ಬರ್ತೀಯಾ?" ಎಂದು ಕೇಳಿದ ತೊಕ್ತೊಬಾಯ್.

"ಬರ್ತೀನಿ. ನಿಮ್ಮಿಂದ ಆಗುತ್ತಾ ಅತಾ?"

"ಗೊತ್ತಿಲ್ಲ," ಎಂದ. ಮೂವತ್ತು ವರ್ಷದ ಮೇಷ್ಟ್ರು ಬಾಯಿಬಿಟ್ಟು ಗೊತ್ತಿಲ್ಲ ಎಂದದ್ದು ಅದೇ ಮೊದಲಿರಬೇಕು.

ಕುಬಾನ್ ಸಂಜೆಯೇ ಇನ್ನೊಂದು ಫಿಲ್ಟರ್ ಹಾಕಿಕೊಟ್ಟ. ಬಿಳಿಯದೋ ಕರಿಯದೋ ತೊಕ್ತೊಬಾಯ್ ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅವನು ಗಾಜು ಕೆರೆದ, ಹಾಸು ಹಾಸಿದ. ಆಮೇಲೆ ಮಾಡಲು ಏನೂ ಉಳಿಯದೆ ಕಾರಿನ ಸುತ್ತ ಎರಡು ಸಲ ನಡೆದ. ಕೈಗೆ ಕೆಲಸವಿಲ್ಲದಿದ್ದರೆ ಅದು ಇನ್ನೂ ನಡುಗುತ್ತದೆ ಎಂದು ಗೊತ್ತಾಗಿ, ಹೋಗಿ ಸ್ಟೀರಿಂಗು ಹಿಡಿದು ಕುಳಿತ. ಎಲ್ನೂರಾ ಬಂದು ಹಿಂದೆ ಕುಳಿತಳು. ಗೇಟು ದಾಟುವಾಗ ಏನೂ ಇಲ್ಲದೆ, ಬರಿಗೈಯಲ್ಲಿ, ಇಂಥ ಊರಿನೊಳಗೆ ಇಂಥ ಹುಡುಗಿಯನ್ನು ಕರೆದೊಯ್ಯುತ್ತಿದ್ದೇನೆ ಎನಿಸಿ ಭಯವಾಯಿತು. ಹಳ್ಳ ಕಂಡಲ್ಲೆಲ್ಲ ಆಮೆಯಂತೆ ಹೋದ. ಹಿಂದಿನವರು ಹಾರ್ನು ಹೊಡೆದು, ಪಕ್ಕಕ್ಕೆ ಬಂದು ಬೈದು, ಮುಂದೆ ಹೋದರು.

ಮೊದಲ ಸಿಗ್ನಲ್ಲು ದಾಟಿತು. ಎರಡನೆಯದೂ ದಾಟಿತು. ಕೆಮ್ಮಿಲ್ಲ. ಹಿಂದಿನಿಂದ ಸದ್ದೇ ಇಲ್ಲ. ಅವನು ಹೆದರಿ ಕನ್ನಡಿಯಲ್ಲಿ ನೋಡಿದ. ಎಲ್ನೂರಾ ಗಾಜಿಗೆ ತಲೆಯಾನಿಸಿ, ಬಾಯಿ ಅರ್ಧ ತೆರೆದು, ಎರಡು ಕೈ ಹೊಟ್ಟೆಯ ಮೇಲಿಟ್ಟು ನಿದ್ದೆ ಹೋಗಿದ್ದಳು. ಕೈಗಳು ಉಸಿರಿನ ಜೊತೆಗೆ ಏರಿ ಇಳಿಯುತ್ತಿದ್ದವು. ಅವನು ಅದನ್ನು ಮೂರು ಸಲ ಖಚಿತ ಮಾಡಿಕೊಂಡ.

ಆಸ್ಪತ್ರೆ ಬಂತು. ಈಗ ಹೊಸ ಗೊಂದಲ. ಎಬ್ಬಿಸುವುದೋ ಬಿಡುವುದೋ? ಮಾವನ ಎದುರು ಬಾಯಿ ತೆರೆದು ಮಲಗಿದ್ದೆ ಎಂದು ತಿಳಿದರೆ ಅವಳು ನಾಚಿಕೆಯಿಂದ ಕುಗ್ಗುತ್ತಾಳೆ. ನಿಲ್ಲಿಸಿದರೆ ಎಚ್ಚರವಾಗುತ್ತದೆ. ಯೋಚಿಸುತ್ತಿದ್ದಂತೆಯೇ ಆಸ್ಪತ್ರೆಯ ಗೇಟು ಹಿಂದೆ ಹೋಯಿತು. ಅವನು ಬೀದಿ ಸುತ್ತಿ ಮತ್ತೆ ಬಂದ. ಮತ್ತೆ ಯೋಚನೆ ಮುಗಿದಿರಲಿಲ್ಲ, ಮತ್ತೆ ಸುತ್ತಿದ. ಮೂರನೇ ಸುತ್ತಿನಲ್ಲಿ ಗೇಟಿನ ಕಾವಲುಗಾರ ಇವನ ಕಡೆ ಅನುಮಾನದಿಂದ ನೋಡತೊಡಗಿದ. ಆಗ ಫೋನು ಗುರ್ರೆಂದಿತು, ಕಲೀಪಾ.

"ತಲುಪಿದ್ರಾ?"

"ತಲುಪಿದೀವಿ," ಎಂದ ಪಿಸುದನಿಯಲ್ಲಿ.

"ಡಾಕ್ಟರು ಏನಂದ್ರು?"

"ಒಳಗೆ ಹೋಗಿಲ್ಲ ಇನ್ನೂ. ಮಲಗಿದಾಳೆ."

"ಎಲ್ಲಿ?"

"ಕಾರಲ್ಲಿ. ನಾನು ಆಸ್ಪತ್ರೆ ಸುತ್ತ ಸುತ್ತುತಾ ಇದೀನಿ. ಏನು ಮಾಡ್ಬೇಕೋ ಗೊತ್ತಾಗ್ತಿಲ್ಲ."

ಆ ಕಡೆಯಿಂದ ಮೂಗು ಸೀಟಿಕೊಂಡ ಸದ್ದು ಬಂತು.

"ಪೆಟ್ರೋಲ್ ಇದೆಯಾ?"

"ಇದೆ."

"ಹಾಗಾದ್ರೆ ಫೋನ್ ಇಟ್ಟು ಓಡಿಸು ಮುದುಕಾ."

ಅವನು ಫೋನು ಇಟ್ಟು ನಾಲ್ಕನೇ ಸಲ ಎಡಕ್ಕೆ ತಿರುಗಿಸಿದ.